ಬೈದು ಬೈದು ಸಾಕಾದವರಿಗೆ: ಮೆಚ್ಚಿ ತಿದ್ದುವ ದಾರಿ, ಹಂತ ಹಂತವಾಗಿ

ಐದನೇ ತರಗತಿ, ಗಣಿತದ ಪೀರಿಯಡ್. ನಾನು ಬೋರ್ಡಿನ ಕಡೆ ತಿರುಗಿ ಲೆಕ್ಕ ಬರೆಯಲು ಶುರು ಮಾಡಿದರೆ ಸಾಕು, ಹಿಂದಿನ ಬೆಂಚಿನಿಂದ ಜಾಮೆಟ್ರಿ ಬಾಕ್ಸ್ ಖಣಾರ್ ಎಂದು ನೆಲಕ್ಕೆ ಬೀಳುತ್ತಿತ್ತು. ಕೈವಾರ ಒಂದು ಕಡೆ, ಸ್ಕೇಲು ಒಂದು ಕಡೆ, ಪೆನ್ಸಿಲ್ ಉರುಳಿಕೊಂಡು ಮುಂದಿನ ಬೆಂಚಿನವರೆಗೆ. ಅಕ್ಕಪಕ್ಕದ ಮಕ್ಕಳೆಲ್ಲ ಹೆಕ್ಕಿಕೊಡಲು ಬಗ್ಗುತ್ತಿದ್ದರು. ಕ್ಲಾಸಿಗೆ ಕ್ಲಾಸೇ ಗೊಳ್ಳೆಂದು ನಗುತ್ತಿತ್ತು. ನಾನು ಚಾಕ್‌ಪೀಸ್ ಕೈಯಲ್ಲೇ ಹಿಡಿದು ಆ ಹುಡುಗನ ಹೆಸರು ಕೂಗುತ್ತಿದ್ದೆ. ಎರಡು ನಿಮಿಷ ಬುದ್ಧಿ ಹೇಳುತ್ತಿದ್ದೆ. ಮತ್ತೆ ಬೋರ್ಡಿನ ಕಡೆ ತಿರುಗುವಷ್ಟರಲ್ಲಿ ಇನ್ನೇನೋ ಶುರುವಾಗುತ್ತಿತ್ತು.

ಒಂದು ದಿನ ಹಾಜರಿ ಪುಸ್ತಕದ ಪಕ್ಕ ಒಂದು ಚೀಟಿ ಇಟ್ಟುಕೊಂಡು ಗೀಟು ಹಾಕುತ್ತಾ ಹೋದೆ. 40 ನಿಮಿಷದಲ್ಲಿ ಅವನ ಹೆಸರನ್ನು 14 ಸಲ ಕರೆದಿದ್ದೆ. 14 ಸಲವೂ ಬೈಯುವುದಕ್ಕೇ. ಅದೇ ಪೀರಿಯಡ್‌ನಲ್ಲಿ ಅವನು ಯಾರೂ ಹೇಳದೆ ಪುಸ್ತಕ ತೆರೆದಿದ್ದ, ತಾರೀಖು ಬರೆದಿದ್ದ, ಪಕ್ಕದವಳಿಗೆ ತನ್ನ ರಬ್ಬರ್ ಕೊಟ್ಟಿದ್ದ. ಅದು ಯಾವುದಕ್ಕೂ ನನ್ನ ಬಾಯಿಂದ ಒಂದು ಮಾತು ಬಂದಿರಲಿಲ್ಲ.

ಆ ಚೀಟಿಯಿಂದ ನಾನು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ತರಗತಿಯಲ್ಲಿ ನಮ್ಮ ಗಮನ ಎಲ್ಲಿ ಬೀಳುತ್ತದೋ ಅದು ಬೆಳೆಯುತ್ತದೆ. ತಂಟೆಯ ಮೇಲೆ ಬೀಳುತ್ತಿರುವ ಗಮನವನ್ನು ಒಳ್ಳೆಯ ನಡತೆಯ ಕಡೆ ತಿರುಗಿಸಬೇಕು. ಹೇಳುವುದು ಸುಲಭ. ಮಾಡಲು ಕೆಲವು ವಾರ ಹಿಡಿಯುತ್ತದೆ, ಆದರೆ ಖಂಡಿತ ಮಾಡಬಹುದು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ

ಶಿಕ್ಷಕರ ತರಬೇತಿ ಪುಸ್ತಕಗಳಲ್ಲಿ ಇದನ್ನು ಧನಾತ್ಮಕ ಪುನರ್ಬಲನ ಎನ್ನುತ್ತಾರೆ. ಹೆಸರು ದೊಡ್ಡದು, ವಿಷಯ ಸರಳ. ಒಂದು ಕೆಲಸ ಮಾಡಿದ ಮೇಲೆ ಮಗುವಿಗೆ ಬೇಕಾದದ್ದೇನೋ ಸಿಕ್ಕರೆ, ಮಗು ಆ ಕೆಲಸವನ್ನು ಮತ್ತೆ ಮಾಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲೇ ಪೆಟ್ಟಿಗೆಯಲ್ಲಿಟ್ಟ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ಇದರ ಮೂಲ ಗುರುತಿಸಿದ್ದರು. ಮುಂದೆ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಅದನ್ನು ಒಂದು ಶಾಸ್ತ್ರವಾಗಿ ಬೆಳೆಸಿದರು.

ಬಹಳ ಜನ ಇದನ್ನು ಬಹುಮಾನ ಎಂದೇ ತಿಳಿದುಕೊಳ್ಳುತ್ತಾರೆ. ಎರಡೂ ಒಂದೇ ಅಲ್ಲ. ನೀವು ಕೊಟ್ಟದ್ದು ಪುನರ್ಬಲನ ಹೌದೋ ಅಲ್ಲವೋ ಎಂಬುದು ಅದರ ಫಲದಿಂದ ಗೊತ್ತಾಗಬೇಕು. ಸ್ಟಿಕ್ಕರ್ ಕೊಟ್ಟ ಮೇಲೂ ನಡತೆ ಹೆಚ್ಚದಿದ್ದರೆ ಆ ಸ್ಟಿಕ್ಕರ್ ಆ ಮಗುವಿಗೆ ಪುನರ್ಬಲನ ಅಲ್ಲ. ಬೈದಷ್ಟೂ ತಂಟೆ ಜಾಸ್ತಿಯಾಗುತ್ತಿದ್ದರೆ ಆ ಬೈಗುಳವೇ ಪುನರ್ಬಲನ!

ಇದು ಬರೀ ಮಾತಲ್ಲ. 1968ರಲ್ಲಿ ಚಾರ್ಲ್ಸ್ ಮ್ಯಾಡ್ಸೆನ್ ಮತ್ತು ಜೊತೆಗಾರರು ಅಮೆರಿಕದ ಒಂದನೇ ತರಗತಿಯೊಂದರಲ್ಲಿ ಪರೀಕ್ಷೆ ಮಾಡಿ ನೋಡಿದರು. ಎದ್ದು ಓಡಾಡುವ ಮಕ್ಕಳಿಗೆ ‘ಕೂತ್ಕೋ’ ಎಂದು ಹೇಳುವುದನ್ನು ಶಿಕ್ಷಕಿಯರು ಹೆಚ್ಚಿಸಿದಾಗ ಎದ್ದು ನಿಲ್ಲುವ ಮಕ್ಕಳು ಇನ್ನೂ ಹೆಚ್ಚಾದರು. ಕೂತು ಕೆಲಸ ಮಾಡುತ್ತಿದ್ದವರನ್ನು ಮೆಚ್ಚಿ ಮಾತಾಡಲು ಶುರು ಮಾಡಿದಾಗ ಕಡಿಮೆಯಾದರು. ‘ಕೂತ್ಕೋ’ ಎಂದ ತಕ್ಷಣ ಮಗು ಕೂರುವುದರಿಂದ ನಮಗೆ ಗೆದ್ದೆವು ಅನ್ನಿಸುತ್ತದೆ. ನಾವು ಮತ್ತೆ ಮತ್ತೆ ಹಾಗೇ ಹೇಳುತ್ತೇವೆ. ಮಗು ಮತ್ತೆ ಮತ್ತೆ ಏಳುತ್ತದೆ. ಈ ಸುಳಿಯಲ್ಲಿ ಸಿಕ್ಕದ ಶಿಕ್ಷಕರು ಕಡಿಮೆ, ಅಲ್ವಾ?

ಹಂತ 1: ಒಂದು ವಾರ ಏನನ್ನೂ ಬದಲಿಸಬೇಡಿ, ಎಣಿಸಿ

ಇದು ಎಲ್ಲರೂ ಬಿಟ್ಟುಬಿಡುವ ಹಂತ. ದಯವಿಟ್ಟು ಬಿಡಬೇಡಿ.

ಮೊದಲು ಆ ತಂಟೆಯನ್ನು ಕಣ್ಣಿಗೆ ಕಾಣುವ ಮಾತಿನಲ್ಲಿ ಬರೆಯಿರಿ. ‘ಹಠಮಾರಿ’, ‘ಮೊಂಡ’, ‘ತರಲೆ’, ‘ಸೋಮಾರಿ’ ಇವೆಲ್ಲ ನಾವು ಮಗುವಿಗೆ ಅಂಟಿಸಿದ ಚೀಟಿಗಳು, ನಡತೆಗಳಲ್ಲ. ‘ಪ್ರಶ್ನೆ ಕೇಳಿದ ಕೂಡಲೇ ಕೈ ಎತ್ತದೆ ಉತ್ತರ ಕೂಗುತ್ತಾಳೆ’, ‘ಬರೆಯಲು ಹೇಳಿದ ಐದು ನಿಮಿಷದೊಳಗೆ ಜಾಗ ಬಿಟ್ಟು ಏಳುತ್ತಾನೆ’. ಹೀಗೆ ಬರೆದರೆ ಎಣಿಸಬಹುದು. ನೀವು ರಜೆ ಹಾಕಿದ ದಿನ ಬರುವ ಬೇರೆ ಶಿಕ್ಷಕರೂ ಅದನ್ನೇ ಎಣಿಸಬಹುದು.

ಒಂದೇ ಮಗು, ಒಂದೇ ನಡತೆ. ಮೂರು ಮಕ್ಕಳ ಐದು ನಡತೆ ಹಿಡಿದುಕೊಂಡರೆ ಎರಡನೇ ದಿನಕ್ಕೆ ಕೈಬಿಡುತ್ತೀರಿ.

ಎಣಿಸಲು ನನಗೆ ಹೊಂದಿದ್ದು ರಬ್ಬರ್ ಬ್ಯಾಂಡ್. ಎಡಗೈಗೆ ಹತ್ತು ಹಾಕಿಕೊಂಡು ಕ್ಲಾಸಿಗೆ ಹೋಗುವುದು, ಒಂದು ಸಲ ನಡೆದರೆ ಒಂದನ್ನು ಬಲಗೈಗೆ ದಾಟಿಸುವುದು. ಪಾಠ ನಿಲ್ಲುವುದಿಲ್ಲ, ಮಕ್ಕಳಿಗೂ ಗೊತ್ತಾಗುವುದಿಲ್ಲ. ಪೀರಿಯಡ್ ಮುಗಿದ ಮೇಲೆ ಸಂಖ್ಯೆ ಬರೆದಿಡಿ. ನಾಲ್ಕೈದು ದಿನದ ಸಂಖ್ಯೆ ಕೈಯಲ್ಲಿದ್ದರೆ ಮುಂದೆ ‘ಏನೂ ಬದಲಾಗಿಲ್ಲ’ ಎಂದು ಮನಸ್ಸು ಕುಗ್ಗಿದಾಗ ನೋಡಲು ಒಂದು ಆಧಾರ ಇರುತ್ತದೆ. ದಿನಕ್ಕೆ 12 ಇದ್ದದ್ದು 8 ಆದರೆ ತರಗತಿಯಲ್ಲಿ ಇನ್ನೂ ಗಲಾಟೆಯೇ ಕೇಳುತ್ತದೆ. ಇಳಿದಿದೆ ಎಂದು ಕಾಗದ ಮಾತ್ರ ಹೇಳುತ್ತದೆ.

ಹಂತ 2: ತಂಟೆಯಿಂದ ಮಗುವಿಗೆ ಏನು ಸಿಗುತ್ತಿದೆ?

ಪ್ರತಿ ಸಲ ಮೂರು ವಿಷಯ ಗುರುತು ಹಾಕಿಕೊಳ್ಳಿ. ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಮೂರನೆಯದರಲ್ಲೇ ಉತ್ತರ ಅಡಗಿರುತ್ತದೆ. ಸಾಮಾನ್ಯವಾಗಿ ಸಿಗುವುದು ನಾಲ್ಕರಲ್ಲಿ ಒಂದು. ಗಮನ, ಅದು ಶಿಕ್ಷಕರದ್ದಿರಬಹುದು, ಗೆಳೆಯರದ್ದಿರಬಹುದು. ಕಷ್ಟದ ಕೆಲಸದಿಂದ ತಪ್ಪಿಸಿಕೊಳ್ಳುವ ದಾರಿ. ಬೇಕಾದ ವಸ್ತು ಅಥವಾ ಆಟ. ಇನ್ನು ಕೆಲವು ಮಕ್ಕಳಿಗೆ ಕುರ್ಚಿ ತೂಗುವುದೋ ಪೆನ್ನು ಕುಟ್ಟುವುದೋ ಮೈಗೆ ಹಿತ ಕೊಡುತ್ತದೆ, ಅಷ್ಟೇ.

ನನ್ನ ಜಾಮೆಟ್ರಿ ಬಾಕ್ಸಿನ ಹುಡುಗನ ವಿಷಯದಲ್ಲಿ ನಾನು ‘ಇವನಿಗೆ ಎಲ್ಲರೂ ತನ್ನನ್ನೇ ನೋಡಬೇಕು’ ಎಂದು ತೀರ್ಮಾನ ಮಾಡಿಬಿಟ್ಟಿದ್ದೆ. ಐದು ದಿನ ಬರೆದ ಮೇಲೆ ಬೇರೆಯೇ ಕಂಡಿತು. ಭಾಷೆಯ ಪೀರಿಯಡ್‌ನಲ್ಲಿ ಬಾಕ್ಸ್ ಒಂದು ಸಲವೂ ಬಿದ್ದಿರಲಿಲ್ಲ. ಚಿತ್ರಕಲೆಯಲ್ಲೂ ಇಲ್ಲ. ಗಣಿತದಲ್ಲೂ ಕೂಡುವ, ಕಳೆಯುವ ಲೆಕ್ಕ ಇದ್ದಾಗ ಇಲ್ಲ. ಬೋರ್ಡಿನ ಮೇಲೆ ಭಾಗಾಕಾರ ಬಂದಾಗ ಮಾತ್ರ ಬೀಳುತ್ತಿತ್ತು. ಅವನಿಗೆ ಮಗ್ಗಿ ಬರುತ್ತಿರಲಿಲ್ಲ. ಬಾಕ್ಸ್ ಬಿದ್ದರೆ ನಾನು ಬೈಯುತ್ತಿದ್ದೆ, ಜಾಸ್ತಿಯಾದರೆ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ. ಹೊರಗೆ ನಿಂತವನು ಭಾಗಾಕಾರ ಮಾಡಬೇಕಾಗಿರಲಿಲ್ಲ. ನಾನು ಶಿಕ್ಷೆ ಎಂದು ಕೊಡುತ್ತಿದ್ದದ್ದು ಅವನಿಗೆ ಬಿಡುಗಡೆಯಾಗಿತ್ತು.

ಹಾಗಾಗಿ ಊಹೆಯ ಮೇಲೆ ಮುಂದಿನ ಹಂತಕ್ಕೆ ಹೋಗಬೇಡಿ. ಗಮನ ಬೇಕಾದ ಮಗುವಿಗೂ ತಪ್ಪಿಸಿಕೊಳ್ಳಬೇಕಾದ ಮಗುವಿಗೂ ಔಷಧಿ ಒಂದೇ ಅಲ್ಲ. ಈ ಹಂತದಲ್ಲೇ ಇನ್ನೊಂದನ್ನೂ ನೋಡಿಕೊಳ್ಳಿ: ಬೋರ್ಡ್ ಕಾಣುತ್ತಿದೆಯಾ, ಕಿವಿ ಸರಿಯಾಗಿ ಕೇಳುತ್ತಿದೆಯಾ, ರಾತ್ರಿ ನಿದ್ದೆ ಆಗಿದೆಯಾ, ಹೊಟ್ಟೆ ತುಂಬಿದೆಯಾ. ಕನ್ನಡಕ ಬೇಕಾದ ಮಗುವಿಗೆ ಸ್ಟಾರ್ ಕೊಟ್ಟು ಪ್ರಯೋಜನವಿಲ್ಲ.

ಹಂತ 3: ಏನು ಬೇಡ ಎಂಬುದನ್ನು ಬಿಟ್ಟು ಏನು ಬೇಕು ಎಂದು ಬರೆಯಿರಿ

‘ಗಲಾಟೆ ಮಾಡಬಾರದು’ ಎಂಬುದು ಗುರಿ ಆಗುವುದಿಲ್ಲ. ‘ಸುಮ್ನೆ ಕೂರಬೇಕು’ ಎಂಬುದೂ ಆಗುವುದಿಲ್ಲ. ಮೇಜು ಕುರ್ಚಿಗಳೂ ಸುಮ್ಮನೇ ಇರುತ್ತವೆ. ಮಗು ಏನಾದರೂ ಮಾಡಬೇಕು, ಅದನ್ನು ನೀವು ಕಂಡು ಮೆಚ್ಚಬೇಕು. ಕೂಗುವ ಬದಲು ಕೈ ಎತ್ತುವುದು. ಕಿತ್ತುಕೊಳ್ಳುವ ಬದಲು ‘ಕೊಡ್ತೀಯಾ?’ ಎಂದು ಕೇಳುವುದು. ಎದ್ದು ಹೋಗುವ ಬದಲು ಮೊದಲ ಎರಡು ಸಾಲು ಬರೆಯುವುದು.

ಆ ಹೊಸ ನಡತೆಯಿಂದ ಮಗುವಿಗೆ ಹಳೆಯ ತಂಟೆಯಿಂದ ಸಿಗುತ್ತಿದ್ದದ್ದೇ ಸಿಗಬೇಕು, ಅದೂ ಇನ್ನೂ ಸುಲಭವಾಗಿ. ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡುರಾಂಡ್ 1985ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಕಷ್ಟದ ಕೆಲಸ ಬಂದಾಗ ರಂಪ ಮಾಡುತ್ತಿದ್ದ ಮಕ್ಕಳಿಗೆ ‘ನನಗೆ ಅರ್ಥವಾಗುತ್ತಿಲ್ಲ’ ಎಂದು ಕೇಳಲು ಕಲಿಸಿದರು. ಗಮನಕ್ಕಾಗಿ ರಂಪ ಮಾಡುತ್ತಿದ್ದವರಿಗೆ ‘ನಾನು ಚೆನ್ನಾಗಿ ಮಾಡ್ತಿದ್ದೀನಾ?’ ಎಂದು ಕೇಳಲು ಕಲಿಸಿದರು. ಸರಿಯಾದ ಮಾತು ಸರಿಯಾದ ಮಗುವಿಗೆ ಸಿಕ್ಕಾಗ ರಂಪ ಇಳಿಯಿತು.

ನಾನು ಮಾಡಿದ್ದು ಇಷ್ಟು. ಒಂದು ರಟ್ಟಿನ ತುಂಡಿಗೆ ಒಂದು ಕಡೆ ಹಸಿರು, ಇನ್ನೊಂದು ಕಡೆ ಕೆಂಪು ಬಣ್ಣ ಹಚ್ಚಿ ಅವನ ಬೆಂಚಿನ ಮೇಲಿಟ್ಟೆ. ತಿಳಿಯದಿದ್ದರೆ ಕೆಂಪು ಮೇಲೆ ಮಾಡಬೇಕು, ನಾನು ಬರುತ್ತೇನೆ. ಹತ್ತು ಲೆಕ್ಕದ ಬದಲು ಮೂರು. ಅವನಿಗೊಬ್ಬನಿಗೇ ಕೊಟ್ಟರೆ ಎಲ್ಲರ ಕಣ್ಣು ಬೀಳುತ್ತದೆ ಎಂದು ಇಡೀ ಕ್ಲಾಸಿಗೇ ಅಂಥ ರಟ್ಟು ಕೊಟ್ಟೆ. ಮೊದಲ ದಿನವೇ ಹನ್ನೊಂದು ರಟ್ಟು ಕೆಂಪಾದವು. ಭಾಗಾಕಾರ ತಿಳಿಯದೆ ಸುಮ್ಮನೆ ಕೂತಿದ್ದವರು ಅಷ್ಟು ಮಂದಿ ಇದ್ದರು ಎಂದು ನನಗೆ ಅವತ್ತು ಗೊತ್ತಾಯಿತು.

ಹಂತ 4: ಬೇಕಾದ ನಡತೆಯನ್ನು ಪಾಠದಂತೆ ಕಲಿಸಿ

ಮಗ್ಗಿ ಕಲಿಸುವಂತೆ ಇದನ್ನೂ ಕಲಿಸಬೇಕು. ಮಾಡಿ ತೋರಿಸಿ, ಅವರ ಕೈಲಿ ಮಾಡಿಸಿ, ಎರಡು ದಿನ ಬಿಟ್ಟು ಮತ್ತೆ ಮಾಡಿಸಿ. ತರಗತಿಯ ನಿಯಮ ಮೂರೋ ನಾಲ್ಕೋ ಸಾಕು. ಆದರೆ ನಿಯಮದ ಚಾರ್ಟ್ ಗೋಡೆಗೆ ಅಂಟಿಸಿ ಕೈತೊಳೆದುಕೊಳ್ಳಬೇಡಿ. ಮ್ಯಾಡ್ಸೆನ್ ತಂಡದ ಇನ್ನೊಂದು ಅಧ್ಯಯನ, ಅದೂ 1968ರದ್ದೇ, ಇದನ್ನು ಬಿಡಿಸಿ ನೋಡಿತು. ನಿಯಮ ಹೇಳಿದ್ದರಿಂದ ಮಾತ್ರ ಹೆಚ್ಚೇನೂ ಆಗಲಿಲ್ಲ. ಸಣ್ಣ ತಂಟೆಯನ್ನು ಕಡೆಗಣಿಸಿ ಒಳ್ಳೆಯ ನಡತೆಯನ್ನು ಮೆಚ್ಚಿದಾಗ ತರಗತಿ ಬದಲಾಯಿತು.

ಹಂತ 5: ಮೆಚ್ಚುವ ಮಾತು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಈ ಕೆಲಸದ ಮುಕ್ಕಾಲು ಭಾಗ ನಮ್ಮ ನಾಲಿಗೆಯ ಮೇಲಿದೆ.

‘ಗುಡ್’, ‘ವೆರಿ ಗುಡ್’, ‘ಶಭಾಷ್’ ಎಂದಷ್ಟೇ ಹೇಳಿದರೆ ಮಗುವಿಗೆ ಖುಷಿಯಾಗುತ್ತದೆ, ಏನು ಮಾಡಿದ್ದಕ್ಕೆ ಎಂದು ತಿಳಿಯುವುದಿಲ್ಲ. ಕಂಡದ್ದನ್ನು ಕಂಡಂತೆ ಹೇಳಿ. ‘ಕೈ ಎತ್ತಿ ನಾನು ಕರೆಯೋವರೆಗೂ ಕಾದೆ ಪುಟ್ಟ, ಅದರಿಂದ ಅವಳು ಪೂರ್ತಿ ಹೇಳೋಕೆ ಆಯ್ತು.’ ‘ಲೆಕ್ಕ ತಪ್ಪಿದ್ದು ಗೊತ್ತಾದ ಮೇಲೂ ಬಿಡದೆ ಮತ್ತೆ ಮೊದಲಿಂದ ಮಾಡಿದೆಯಲ್ಲ, ನೋಡಿದೆ ನಾನು.’ ಆ ‘ನೋಡಿದೆ ನಾನು’ ಎಂಬ ಮಾತಿಗೆ ಮಗುವಿನ ಮುಖ ಅರಳುವುದನ್ನು ನೀವೇ ಗಮನಿಸಿ.

ಹೇಳುವುದನ್ನು ಆಗಿಂದಾಗಲೇ ಹೇಳಿ. ಸಂಜೆ ಬೆಲ್ ಹೊಡೆದ ಮೇಲೆ ‘ಬೆಳಿಗ್ಗೆ ಚೆನ್ನಾಗಿ ಕೂತಿದ್ದೆ’ ಎಂದರೆ ಸಣ್ಣ ಮಗುವಿಗೆ ಅದು ಯಾವುದಕ್ಕೆ ಎಂದೇ ಹೊಂದುವುದಿಲ್ಲ.

ಈಗ ನಮ್ಮೆಲ್ಲರ ಬಾಯಲ್ಲಿ ಬರುವ ಒಂದು ತಪ್ಪು. ‘ಇವತ್ತಾದ್ರೂ ಹೋಂವರ್ಕ್ ಮಾಡಿದ್ಯಲ್ಲ.’ ‘ಸದ್ಯ, ಒಂದು ದಿನ ಸುಮ್ನೆ ಕೂತೆ.’ ‘ದಿನಾ ಹೀಗೇ ಇದ್ರೆ ಎಷ್ಟು ಚೆನ್ನ!’ ನಾವು ಮೆಚ್ಚುತ್ತಿದ್ದೇವೆ ಎಂದುಕೊಂಡಿರುತ್ತೇವೆ. ಮಗುವಿಗೆ ಕೇಳಿಸುವುದು ಆ ‘ಆದ್ರೂ’, ಆ ‘ಸದ್ಯ’. ನೆನ್ನೆಯ, ಮೊನ್ನೆಯ ತಪ್ಪೆಲ್ಲ ಆ ಒಂದು ಪದದಲ್ಲಿ ಎದ್ದು ಬರುತ್ತದೆ. ಸುತ್ತಲಿನ ಮಕ್ಕಳು ಮುಸಿಮುಸಿ ನಗುತ್ತಾರೆ. ನಾಳೆ ಹೋಂವರ್ಕ್ ಮಾಡಿಕೊಂಡು ಬಂದು ಮತ್ತೆ ಅದನ್ನು ಯಾಕೆ ಕೇಳಬೇಕು? ‘ಹೋಂವರ್ಕ್ ಪೂರ್ತಿ ಮಾಡಿದ್ದೀಯ. ಐದನೇ ಲೆಕ್ಕ ಕಷ್ಟದ್ದಿತ್ತು, ಅದನ್ನೂ ಬಿಟ್ಟಿಲ್ಲ.’ ಅಲ್ಲಿಗೆ ನಿಲ್ಲಿಸಿ. ಮುಂದಕ್ಕೆ ಬುದ್ಧಿಮಾತು ಜೋಡಿಸಬೇಡಿ.

‘ಅವಳನ್ನ ನೋಡಿ ಕಲಿತ್ಕೋ’ ಎಂಬುದೂ ಹಾಗೇ. ಅವಳಿಗೆ ಸಂಕೋಚ, ಇವನಿಗೆ ಅವಮಾನ, ಇಬ್ಬರ ನಡುವೆ ಮುನಿಸು.

ಇನ್ನು ‘ಎಷ್ಟು ಬುದ್ಧಿವಂತ ನೀನು!’ ಎಂಬುದರ ಬಗ್ಗೆ. ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೇ ತರಗತಿಯ ಕೆಲವು ಮಕ್ಕಳ ಬುದ್ಧಿಯನ್ನು ಹೊಗಳಿದರು, ಕೆಲವರ ಶ್ರಮವನ್ನು ಹೊಗಳಿದರು. ಆಮೇಲೆ ಎಲ್ಲರಿಗೂ ಕಷ್ಟದ ಪ್ರಶ್ನೆ ಕೊಟ್ಟು ಸೋಲಿಸಿದರು. ಬುದ್ಧಿಗೆ ಹೊಗಳಿಸಿಕೊಂಡವರು ಬೇಗ ಕೈಚೆಲ್ಲಿದರು. ಶ್ರಮಕ್ಕೆ ಹೊಗಳಿಸಿಕೊಂಡವರು ಇನ್ನೂ ಮಾಡುತ್ತೇವೆ ಎಂದರು. ತಂಟೆ ಮಾಡುವ ಎಷ್ಟೋ ಮಕ್ಕಳು ಸೋಲಿಗೆ ಹೆದರಿದವರೇ. ಅವರು ಮಾಡಿದ ಕೆಲಸವನ್ನು ಮೆಚ್ಚಿ.

ಒಂದು ತಿದ್ದುವ ಮಾತಿಗೆ ನಾಲ್ಕು ಮೆಚ್ಚುವ ಮಾತು ಎಂಬ ಲೆಕ್ಕವನ್ನು ಶಿಕ್ಷಕರಿಗೆ ಸಾಮಾನ್ಯವಾಗಿ ಹೇಳುತ್ತಾರೆ. ಅದನ್ನು ವೇದವಾಕ್ಯ ಮಾಡಿಕೊಳ್ಳಬೇಕಿಲ್ಲ. ರಬ್ಬರ್ ಬ್ಯಾಂಡನ್ನು ಈ ವಾರ ನಿಮ್ಮ ಮೆಚ್ಚುಗೆ ಎಣಿಸಲು ಬಳಸಿ. ಪೀರಿಯಡ್ ಮುಗಿಯುವುದರೊಳಗೆ ಹತ್ತೂ ಬಲಗೈಗೆ ದಾಟಬೇಕು. ಮೊದಲೆರಡು ದಿನ ಬಾಯಿ ತಡವರಿಸುತ್ತದೆ, ನಾಟಕ ಮಾಡಿದಂತೆ ಅನ್ನಿಸುತ್ತದೆ. ಮೂರನೇ ದಿನಕ್ಕೆ ನಿಮ್ಮ ಕಣ್ಣೇ ಒಳ್ಳೆಯದನ್ನು ಹುಡುಕಲು ಶುರು ಮಾಡುತ್ತದೆ.

ದೊಡ್ಡ ಮಕ್ಕಳ ವಿಷಯ ಬೇರೆ. ಹೈಸ್ಕೂಲ್ ಹುಡುಗನನ್ನು ಎಲ್ಲರ ಮುಂದೆ ಹೊಗಳಿದರೆ ಗೆಳೆಯರು ಆಡಿಕೊಳ್ಳುತ್ತಾರೆ. ನೋಟ್‌ಬುಕ್ ಅಂಚಿನಲ್ಲಿ ಒಂದು ಸಾಲು ಬರೆಯಿರಿ. ಬಾಗಿಲ ಬಳಿ ಹೊರಗೆ ಹೋಗುವಾಗ ಮೆಲ್ಲಗೆ ಹೇಳಿ. ಅಷ್ಟೇ ಸಾಕು.

ಹಂತ 6: ಸಣ್ಣ ತಂಟೆಯನ್ನು ಕಡೆಗಣಿಸುವುದು

ಕಡೆಗಣಿಸುವುದು ಎಂದರೆ ಮುಖ ಸಿಂಡರಿಸಿಕೊಂಡು ಸುಮ್ಮನಿರುವುದಲ್ಲ. ದುರುಗುಟ್ಟಿ ನೋಡುವುದೂ ಗಮನವೇ, ನಿಟ್ಟುಸಿರು ಬಿಡುವುದೂ ಗಮನವೇ. ಮಗು ಕುರ್ಚಿ ಕುಟ್ಟುತ್ತಿದ್ದರೆ ನಿಮ್ಮ ಕಣ್ಣು ಬೇರೆ ಕಡೆ ಇರಲಿ, ಪಾಠ ಸಾಗಲಿ. ಪಕ್ಕದಲ್ಲಿ ಬರೆಯುತ್ತಿರುವ ಮಗುವಿಗೆ ಒಂದು ಒಳ್ಳೆಯ ಮಾತು ಹೇಳಿ, ತಂಟೆಯ ಮಗುವನ್ನು ಚುಚ್ಚಲು ಬೇಡ, ನಿಜವಾಗಿ ಹೇಳಿ. ಕುಟ್ಟುವುದು ನಿಂತ ಐದು ಸೆಕೆಂಡಿನಲ್ಲಿ ಅಲ್ಲಿಗೆ ಹೋಗಿ. ‘ಎಲ್ಲಿದ್ದೀಯ? ಓ, ಎರಡನೇ ಪ್ರಶ್ನೆಗೆ ಬಂದಿದ್ದೀಯ.’

1968ರಲ್ಲೇ ವ್ಯಾನ್ಸ್ ಹಾಲ್ ಮತ್ತು ಜೊತೆಗಾರರು ಓದಿನ ಕಡೆ ಗಮನವಿಲ್ಲದ ಮೂರನೇ ತರಗತಿಯ ಒಬ್ಬ ಹುಡುಗನನ್ನು ಹೀಗೆಯೇ ನೋಡಿದರು. ಶುರುವಿನಲ್ಲಿ ಅವನು ಸಮಯದ 25% ಮಾತ್ರ ಓದಿನಲ್ಲಿರುತ್ತಿದ್ದ. ಅವನಿಗೆ ಸಿಗುತ್ತಿದ್ದ ಶಿಕ್ಷಕಿಯ ಗಮನದಲ್ಲಿ ಅರ್ಧಕ್ಕಿಂತ ಹೆಚ್ಚು ಅವನು ಓದದೆ ಇದ್ದಾಗಲೇ ಸಿಗುತ್ತಿತ್ತು. ಓದುತ್ತಿರುವಾಗ ಮಾತ್ರ ಹತ್ತಿರ ಹೋಗಿ ಮೆಚ್ಚಲು ಶುರು ಮಾಡಿದ ಮೇಲೆ ಅದು 71%ಕ್ಕೆ ಏರಿತು. ಅದೇ ಹುಡುಗ, ಅದೇ ಶಿಕ್ಷಕಿ.

ಒಂದು ಎಚ್ಚರಿಕೆ. ಗಮನ ನಿಂತ ಮೊದಲ ದಿನಗಳಲ್ಲಿ ತಂಟೆ ಇಳಿಯುವ ಮೊದಲು ಏರಬಹುದು. ಸ್ವಿಚ್ ಒತ್ತಿದರೆ ಲೈಟ್ ಹತ್ತದಿದ್ದಾಗ ನಾವು ನಾಲ್ಕು ಸಲ ಜೋರಾಗಿ ಒತ್ತುವುದಿಲ್ಲವೇ, ಹಾಗೆ. ಈ ಏರಿಕೆಯ ನಡುವೆ ನೀವು ಸೋತು ಬೈದುಬಿಟ್ಟರೆ, ಇಷ್ಟು ಜೋರಾಗಿ ಮಾಡಿದರೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ. ತಡೆದುಕೊಳ್ಳಲು ಆಗುವುದಿಲ್ಲ ಎನ್ನುವಂಥ ನಡತೆಯನ್ನು ಕಡೆಗಣಿಸಲು ಶುರುವನ್ನೇ ಮಾಡಬೇಡಿ.

ಹೊಡೆಯುವುದು, ಕಚ್ಚುವುದು, ವಸ್ತು ಎಸೆಯುವುದು, ತನ್ನನ್ನೇ ನೋಯಿಸಿಕೊಳ್ಳುವುದು, ಇನ್ನೊಂದು ಮಗುವನ್ನು ಕಾಡುವುದು, ತರಗತಿಯಿಂದ ಓಡಿಹೋಗುವುದು ಇವನ್ನು ಎಂದೂ ಕಡೆಗಣಿಸಬಾರದು. ತಡೆಯಿರಿ, ಕಡಿಮೆ ಮಾತಿನಲ್ಲಿ, ಸಮಾಧಾನದ ದನಿಯಲ್ಲಿ. ಮೊದಲು ನೊಂದ ಮಗುವನ್ನು ನೋಡಿಕೊಳ್ಳಿ. ಹಾಗೆಯೇ ಕೆಲಸದಿಂದ ತಪ್ಪಿಸಿಕೊಳ್ಳಲು ತಂಟೆ ಮಾಡುವ ಮಗುವನ್ನು ಕಡೆಗಣಿಸಿದರೆ ಅದಕ್ಕೆ ಬೇಕಾದ್ದೇ ಸಿಕ್ಕಂತೆ. ಅಂಥ ಮಗುವಿಗೆ ಕೆಲಸವನ್ನು ಚಿಕ್ಕದು ಮಾಡಿ, ಸಹಾಯ ಮಾಡಿ, ಆದರೆ ಮುಗಿಸಲೇಬೇಕು.

ಹಂತ 7: ಮಾತು ಸಾಲದಿದ್ದರೆ ಸ್ಟಾರ್, ಗೀಟು, ಟೋಕನ್

ಕೆಲವು ಮಕ್ಕಳಿಗೆ ಶುರುವಿನಲ್ಲಿ ದೊಡ್ಡವರ ಮೆಚ್ಚುಗೆ ಬೇಕೇ ಆಗಿರುವುದಿಲ್ಲ. ಅದನ್ನು ನಂಬುವಷ್ಟು ಅವರು ಕೇಳಿರುವುದಿಲ್ಲ. ಅಲ್ಲಿ ಕೈಗೆ ಸಿಗುವಂಥದ್ದು ನೆರವಾಗುತ್ತದೆ: ಒಳ್ಳೆಯ ನಡತೆಗೊಂದು ಸ್ಟಾರ್, ಗೀಟು ಅಥವಾ ಟೋಕನ್ (ಸಣ್ಣ ಬಿಲ್ಲೆ), ಇಂತಿಷ್ಟು ಕೂಡಿದರೆ ಮಗುವಿಗೆ ಇಷ್ಟವಾದದ್ದೊಂದು.

ಏನು ಬೇಕು ಎಂದು ಮಗುವನ್ನೇ ಕೇಳಿ. ದುಡ್ಡು ಖರ್ಚಾಗುವಂಥದ್ದು ಬೇಕಿಲ್ಲ. ಬೋರ್ಡ್ ಒರೆಸುವುದು, ಸಾಲಿನಲ್ಲಿ ಮುಂದೆ ನಿಲ್ಲುವುದು, ಗೆಳೆಯನ ಪಕ್ಕ ಒಂದು ಪೀರಿಯಡ್ ಕೂರುವುದು, ಚಿಕ್ಕ ತರಗತಿಯ ಮಕ್ಕಳಿಗೆ ಕತೆ ಓದಿ ಹೇಳುವುದು, ಐದು ನಿಮಿಷ ಚಿತ್ರ ಬರೆಯುವುದು. ಬಿಟ್ಟರೆ ಮಗು ತಾನಾಗಿ ಏನು ಮಾಡುತ್ತದೆ ಎಂದು ನೋಡಿದರೂ ಗೊತ್ತಾಗುತ್ತದೆ. ಇಷ್ಟದ ಕೆಲಸವನ್ನು ಕಷ್ಟದ ಕೆಲಸದ ಬೆನ್ನಿಗೆ ಇಡುವ ಈ ಉಪಾಯಕ್ಕೆ ಮನಶ್ಶಾಸ್ತ್ರಜ್ಞ ಡೇವಿಡ್ ಪ್ರೀಮ್ಯಾಕ್ ಅವರ ಹೆಸರಿದೆ. ಅವರು ಅದನ್ನು 1959ರಲ್ಲಿ ಮಂಡಿಸಿದರು. ‘ಮೊದಲು ಮೂರು ಲೆಕ್ಕ, ಆಮೇಲೆ ಚಿತ್ರ’ ಎಂದು ಹೇಳಿ. ‘ಲೆಕ್ಕ ಮಾಡದಿದ್ದರೆ ಚಿತ್ರ ಇಲ್ಲ’ ಎಂದರೆ ಅದು ಬೆದರಿಕೆ.

ಗುರಿಯನ್ನು ನಿಮ್ಮ ಮೊದಲ ವಾರದ ಸಂಖ್ಯೆಯಿಂದ ತೆಗೆಯಿರಿ. ಒಂದು ಪೀರಿಯಡ್‌ಗೆ ಎರಡೇ ಸಲ ಕೈ ಎತ್ತುವ ಮಗುವಿಗೆ ಮೂರು ಸಲ ಸಾಕು, ಹತ್ತು ಬೇಡ. ಮೊದಲ ದಿನವೇ ಮಗು ಗೆಲ್ಲಬೇಕು. ಗೆದ್ದ ರುಚಿ ಗೊತ್ತಿಲ್ಲದ ಮಗು ಎರಡನೇ ದಿನ ಆಟಕ್ಕೇ ಬರುವುದಿಲ್ಲ.

ಒಮ್ಮೆ ಕೊಟ್ಟ ಸ್ಟಾರನ್ನು ಕಿತ್ತುಕೊಳ್ಳಬೇಡಿ. ಬೆಳಿಗ್ಗೆ ಗಳಿಸಿದ್ದನ್ನು ಮಧ್ಯಾಹ್ನ ಕಳೆದುಕೊಂಡ ಮಗುವಿಗೆ ಉಳಿದ ದಿನ ಒಳ್ಳೆಯದಾಗಿರಲು ಕಾರಣವೇ ಇರುವುದಿಲ್ಲ. ‘ಸುಮ್ಮನಾದರೆ ಸ್ಟಾರ್ ಕೊಡ್ತೀನಿ’ ಎಂದು ಗಲಾಟೆಯ ನಡುವೆ ಹೇಳುವುದೂ ಬೇಡ. ಅದು ಲಂಚ, ಮಗು ಅದನ್ನು ಒಂದೇ ದಿನದಲ್ಲಿ ಕಲಿತುಬಿಡುತ್ತದೆ.

ಇನ್ನೊಂದು ಮುಖ್ಯ ಮಾತು. ಮಗು ಈಗಾಗಲೇ ಇಷ್ಟಪಟ್ಟು ಮಾಡುತ್ತಿರುವುದಕ್ಕೆ ಬಹುಮಾನದ ಆಸೆ ತೋರಿಸಬೇಡಿ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಚಿತ್ರ ಬರೆಯುವುದೆಂದರೆ ಆಸೆಯಿದ್ದ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ಬರೆದರೆ ಪ್ರಮಾಣಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೆಲವು ದಿನ ಬಿಟ್ಟು ನೋಡಿದರೆ ಆ ಮಕ್ಕಳು ತಾವಾಗಿ ಚಿತ್ರ ಬರೆಯುವುದು ಉಳಿದವರಿಗಿಂತ ಎಷ್ಟೋ ಕಡಿಮೆಯಾಗಿತ್ತು. ಕತೆ ಪುಸ್ತಕ ತಾನಾಗಿ ಓದುವ ಮಗುವಿಗೆ ಪುಟಕ್ಕೊಂದು ಸ್ಟಾರ್ ಕೊಡಲು ಹೋಗಬೇಡಿ. ಟೋಕನ್ ಇರುವುದು ಇನ್ನೂ ಶುರುವಾಗದ ನಡತೆಯನ್ನು ಶುರು ಮಾಡಿಸಲು.

ಇಡೀ ತರಗತಿಯೇ ಗದ್ದಲವಾಗಿದ್ದರೆ

ಆಗ ತಂಡದ ಆಟ ಒಳ್ಳೆಯದು. 1969ರಲ್ಲಿ ಬ್ಯಾರಿಶ್, ಸಾಂಡರ್ಸ್ ಮತ್ತು ವುಲ್ಫ್ ನಾಲ್ಕನೇ ತರಗತಿಯೊಂದನ್ನು ಎರಡು ತಂಡ ಮಾಡಿ ಆಡಿಸಿದ ಆಟ ಇವತ್ತಿಗೂ ಬಳಕೆಯಲ್ಲಿದೆ. ತಂಡದ ಮಗು ನಿಯಮ ಮುರಿದರೆ ಆ ತಂಡಕ್ಕೆ ಗೀಟು ಹಾಕುತ್ತಿದ್ದರು, ಗೀಟು ಕಡಿಮೆಯಿದ್ದ ತಂಡ ಗೆಲ್ಲುತ್ತಿತ್ತು, ಎರಡೂ ತಂಡ ಗೆಲ್ಲಲೂ ಅವಕಾಶವಿತ್ತು. ನಾನು ತಿರುಗಿಸಿ ಆಡಿಸುತ್ತೇನೆ, ಒಳ್ಳೆಯದಕ್ಕೆ ಗೀಟು. ಇಂತಿಷ್ಟು ದಾಟಿದವರೆಲ್ಲ ಗೆದ್ದಂತೆ. ಒಂದು ಮಗುವಿನಿಂದ ತಂಡ ಸೋಲುವಂತೆ ಆಟ ಕಟ್ಟಬೇಡಿ. ಆಟದ ಮೈದಾನದಲ್ಲಿ ಅದರ ಬೆಲೆ ತೆರುವುದು ಆ ಮಗು.

ಮನೆಯವರೊಂದಿಗೆ

ತಂಟೆಯ ಮಗುವಿನ ಮನೆಯವರಿಗೆ ಶಾಲೆಯಿಂದ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತದೆ. ಎರಡು ವಾರ ಒಳ್ಳೆಯ ಸುದ್ದಿಯನ್ನು ಮಾತ್ರ ಕಳಿಸಿ ನೋಡಿ. ಡೈರಿಯಲ್ಲಿ ಒಂದು ಸಾಲು ಸಾಕು: ‘ಇವತ್ತು ಮೂರು ಲೆಕ್ಕ ತಾನೇ ಮಾಡಿದ.’ ನನ್ನ ಹುಡುಗನ ತಾಯಿ ಮರುದಿನ ಗೇಟಿನ ಹತ್ತಿರ ನಿಂತು, ‘ಮಿಸ್, ನೀವು ಬರೆದಿದ್ದು ಇವನ ಬಗ್ಗೇನೇನಾ?’ ಎಂದು ಕೇಳಿದರು. ಹೌದು ಎಂದೆ. ಸ್ವಲ್ಪ ಹೊತ್ತು ಅವರಿಗೆ ಮಾತೇ ಹೊರಡಲಿಲ್ಲ. ಅವನ ಶಾಲೆಯ ಐದು ವರ್ಷದಲ್ಲಿ ಅದು ಮೊದಲನೇ ಒಳ್ಳೆಯ ಸುದ್ದಿಯಂತೆ.

ಹಂತ 8: ಮೆಲ್ಲಗೆ ಕಡಿಮೆ ಮಾಡುವುದು, ಕೆಲಸ ಮಾಡದಿದ್ದರೆ ಹಿಂತಿರುಗಿ ನೋಡುವುದು

ಹೊಸ ನಡತೆ ಮೂಡುವಾಗ ಪ್ರತಿ ಸಲ ಮೆಚ್ಚಬೇಕು. ನೆಲೆ ನಿಂತ ಮೇಲೆ ಎರಡಕ್ಕೊಮ್ಮೆ, ಐದಕ್ಕೊಮ್ಮೆ, ಆಮೇಲೆ ಯಾವಾಗಲೋ ಒಮ್ಮೆ. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಮೆಚ್ಚುಗೆಯೇ ನಡತೆಯನ್ನು ಹೆಚ್ಚು ಕಾಲ ಹಿಡಿದಿಡುತ್ತದೆ. ಮೊದಲು ಟೋಕನ್ ತೆಗೆಯಿರಿ, ಮಾತು ಇರಲಿ.

ಮೂರು ವಾರ ಆದರೂ ಸಂಖ್ಯೆ ಕದಲದಿದ್ದರೆ ಮಗುವನ್ನು ಬೈಯುವ ಮೊದಲು ಯೋಜನೆಯನ್ನು ತೆರೆದು ನೋಡಿ. ಮಗುವಿಗೆ ಏನು ಸಿಗುತ್ತಿದೆ ಎಂಬ ನಿಮ್ಮ ಊಹೆ ತಪ್ಪಿರಬಹುದು. ಗುರಿ ದೂರ ಇರಬಹುದು. ಬಹುಮಾನ ಹಳಸಿರಬಹುದು. ಪಕ್ಕದ ಪೀರಿಯಡ್‌ನ ಶಿಕ್ಷಕರು ಅದೇ ತಂಟೆಗೆ ಗಮನ ಕೊಡುತ್ತಿರಬಹುದು, ಅವರ ಜೊತೆ ಕೂತು ಮಾತಾಡಿ. ಇದೆಲ್ಲ ಸರಿಯಿದ್ದೂ ಬದಲಾಗದಿದ್ದರೆ, ಅಥವಾ ಮಗು ತನಗೋ ಬೇರೆಯವರಿಗೋ ಅಪಾಯ ಮಾಡುತ್ತಿದ್ದರೆ, ಮನೆಯವರನ್ನು ಸೇರಿಸಿಕೊಂಡು ಮಕ್ಕಳ ಮನಶ್ಶಾಸ್ತ್ರಜ್ಞರನ್ನೋ ವಿಶೇಷ ಶಿಕ್ಷಕರನ್ನೋ ಕಾಣಿ. ಗಮನ ನಿಲ್ಲದ ತೊಂದರೆ, ಆಟಿಸಂ, ಕಲಿಕೆಯ ತೊಡಕು, ಮನೆಯಲ್ಲಿನ ಭಯ ಇವು ಯಾವುದೂ ಸ್ಟಾರ್ ಚಾರ್ಟ್‌ನಿಂದ ಮಾತ್ರ ಬಗೆಹರಿಯುವಂಥವಲ್ಲ.

ರಜೆ ಮುಗಿಸಿ ಬಂದ ಮೇಲೆ ಹಳೆಯ ತಂಟೆ ಒಂದೆರಡು ಸಲ ತಲೆ ಹಾಕುತ್ತದೆ. ನನ್ನ ಹುಡುಗನ ಜಾಮೆಟ್ರಿ ಬಾಕ್ಸ್ ಕೂಡ ರಜೆಯ ಮರುದಿನ ಬಿತ್ತು. ನಾನು ತಿರುಗಲಿಲ್ಲ. ಬೋರ್ಡಿನ ಮೇಲೆ ಲೆಕ್ಕ ಮುಗಿಸಿ ನೋಡಿದಾಗ ಬಾಕ್ಸ್ ಬೆಂಚಿನ ಮೇಲಿತ್ತು, ರಟ್ಟಿನ ಕೆಂಪು ಬದಿ ಮೇಲಿತ್ತು. ಹತ್ತಿರ ಹೋಗಿ ಕೂತೆ. ‘ಮಿಸ್, ಏಳರ ಮಗ್ಗಿ ಮರೆತುಹೋಗಿದೆ’ ಎಂದ. ಇಬ್ಬರೂ ಸೇರಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದೆವು.